ಮೊಳದಷ್ಟು ಕಡಲು

ಸೋಣ ತಿಂಗಳ ಹದಿನಾಲ್ಕಕ್ಕೆ ಕೊಯಿಪ್ಪಾಡಿಯಿಂದ ಹೊರಟೆವು.
ಮೇಲೆ ಬಿಸಿಲು, ಎಣ್ಣೆ ಸವರಿದ ಹಾಗೆ ಮಿರುಗುವ ನೀರು.
"ಇದನ್ನು ನಂಬಬೇಡ" ಅಂದರು ಪೋಕರಿಚ್ಚ,
"ಮೇಲಿರುವುದು ಮದುವೆ ಚಪ್ಪರ.
ಅಡಿಗೆಮನೆ ಕೆಳಗಿದೆ."

ನನ್ನ ಬೆನ್ನಿಗೆ ಸಿಲಿಂಡರು, ಮೈಗೆ ರಬ್ಬರಂಗಿ,
ಸೊಂಟಕ್ಕೆ ನಾಲ್ಕು ಕಿಲೋ ಸೀಸ,
ಕೈಯಲ್ಲಿ ಬಿಳಿ ಪ್ಲಾಸ್ಟಿಕ್ ಸ್ಲೇಟು:
ಆಳ, ಉಷ್ಣತೆ, ದೃಶ್ಯತೆ,
ಚದರಡಿಗೆ ಎಷ್ಟು ನೀಲಿಕಲ್ಲು.
ಅವರಿಗೆ ಒಂದು ಚಡ್ಡಿ, ಒಂದು ಉಳಿ, ಒಂದು ಬಲೆಚೀಲ,
ಒಂದು ಉಸಿರು.

ಐದು ಮೀಟರಿನವರೆಗೆ ಮಿಂದ ನೀರಿನ ಬಿಸಿ.
ಆಮೇಲೆ ಯಾರೋ ಬಾಗಿಲು ತೆರೆದರು.
ಹಣೆಯ ನಡುವೆ ಒಂದು ಮೊಳೆ ಇಳಿಯಿತು.
ಇಪ್ಪತ್ತೆರಡು ಡಿಗ್ರಿ. ಹಿಮ ಒಡೆದು ಮುಳುಗುವ ದೇಶದವರು
ಕೇಳಿದರೆ ನಕ್ಕಾರು. ನಗಲಿ.
ಇಪ್ಪತ್ತೊಂಬತ್ತರ ಕಡಲ ಬದಿಯಲ್ಲಿ ಮೊಳೆತ ಹಲ್ಲುಗಳು
ನಳಿಗೆಯ ರಬ್ಬರು ಕಚ್ಚಿ ಕಟಕಟ ಅಂದವು.

ಮಳೆಗಾಲದ ಗಾಳಿ ಮೇಲಿನ ನೀರನ್ನು ಅತ್ತ ಸರಿಸಿದರೆ
ಆಳದ ತಣ್ಣಗಿನದು ಎದ್ದು ದಡಕ್ಕೆ ಬರುತ್ತದೆ.
ಕಾಲೇಜಿನ ರೆಕಾರ್ಡಿನಲ್ಲಿ ಅದಕ್ಕೆ ಬಾಣ ಎಳೆದು
ನೀಲಿ ತುಂಬಿದ್ದೆ; ಹತ್ತಕ್ಕೆ ಎಂಟು ಸಿಕ್ಕಿತ್ತು.
ಬಣ್ಣ ತಪ್ಪು.
ಇದು ಒಂದೆಲಗದ ತಂಬುಳಿ.
ಆ ಹಸಿರು, ಆ ಮಬ್ಬು, ಗಂಟಲಲ್ಲಿ ಆ ತಂಪು.

ಕೈ ಚಾಚಿದೆ. ಭುಜ ಇತ್ತು. ಮೊಣಕೈ ಇತ್ತು.
ಬೆರಳು ಇರಲಿಲ್ಲ.

ಟಾರ್ಚು ಹಾಕಿದೆ, ಇನ್ನಷ್ಟು ಕೆಟ್ಟಿತು.
ಬೆಳಕು ಹೋಗಿ ಕೋಟಿ ಚೂರುಗಳಿಗೆ ತಾಗಿ
ಹೊರಳಿ ನನ್ನ ಮುಖಕ್ಕೇ ಎರಚಿಕೊಂಡಿತು.
ಮಂಜಿನ ಘಾಟಿಯಲ್ಲಿ ಹೆಡ್‌ಲೈಟು ಉರಿಸಿದ ಲಾರಿಯಂತೆ
ನನ್ನ ಬೆಳಕಿನೊಳಗೆ ನಾನೇ ಕುರುಡಿಯಾಗಿ ನಿಂತೆ.
ಒಂದೊಂದು ಚೂರೂ ಜೀವ, ಗೊತ್ತು:
ಮೀಸೆಯಿದ್ದದ್ದು, ಗಾಜಿನ ಚಿಪ್ಪು ತೊಟ್ಟದ್ದು,
ನಾಳೆ ಬೂತಾಯಿಯ ಹೊಟ್ಟೆ, ನಾಡಿದ್ದು ಕುಂಬಳೆ ಪೇಟೆಯ
ಮಧ್ಯಾಹ್ನದ ಗಸಿ.
ಗೊತ್ತಿದ್ದೂ ಮನಸ್ಸಿನಲ್ಲೇ ಬೈದೆ: ಧೂಳು.

ಆಗ ಒಂದು ಕೈ ಬಂತು. ಬರೀ ಕೈ.
ಹೆಬ್ಬೆರಳು ಅರ್ಧ ಇಲ್ಲದ್ದು, ಬಂಡೆ ಗೀರಿ ಗೀರಿ ಬೆಳ್ಳಗಾದದ್ದು.
ಟಾರ್ಚಿನ ಗುಂಡಿ ಹುಡುಕಿ ಆರಿಸಿತು.
ನನ್ನ ಅಂಗೈಯನ್ನು ಬಂಡೆಗೆ ಒತ್ತಿಟ್ಟು
ಮೇಲೆ ಹೋಯಿತು, ಉಸಿರಿಗೆ.

ಅಂಗೈಯಡಿ ಚಿಪ್ಪುಗಳು ಪಟಪಟ ಮುಚ್ಚಿಕೊಂಡವು,
ಅಪರಿಚಿತರು ಬಂದಾಗಿನ ಕಿಟಕಿಗಳು.
ಕಾದೆ. ಕತ್ತಲು ನಿಧಾನ ಹಸಿರಾಯಿತು.
ಒಂದು ತುಟಿ ತೆರೆಯಿತು, ಅಂಚಿನಲ್ಲಿ ಅರಿಸಿನ ಕಂದು;
ಪಕ್ಕದ್ದು ತೆರೆಯಿತು; ಸಂದಿನಿಂದ ಮುಳ್ಳುತಾರೆಯ ಒಂದೇ ತೋಳು
ಏನನ್ನೋ ಕರೆಯುವಂತೆ ಮಡಚಿ ಬಿಚ್ಚಿತು.
ಹೆಬ್ಬೆರಳುದ್ದದ ಮೀನೊಂದು ನನ್ನ ಗಾಜಿಗೆ ಮೂಗಿಟ್ಟಿತು.
ಅದಕ್ಕೂ ನಾನು ಅಷ್ಟೇ ಕಂಡಿರಬೇಕು:
ಒಂದು ಕಣ್ಣು, ನಾಲ್ಕು ಗುಳ್ಳೆ.

ಬೆನ್ನ ಹಿಂದೆ ಏನೋ ದೊಡ್ಡದು ದಾಟಿತು.
ಕಾಣಲಿಲ್ಲ. ನೀರು ನನ್ನನ್ನು ಮೆಲ್ಲ ತಳ್ಳಿ
ಮತ್ತೆ ಇದ್ದಲ್ಲಿಗೆ ತಂದಿಟ್ಟಿತು.
ಸ್ಲೇಟಿನಲ್ಲಿ ಅದಕ್ಕೆ ಕಾಲಂ ಇಲ್ಲ.

ದೋಣಿಯಲ್ಲಿ ಫ್ಲಾಸ್ಕಿನ ಕರಿಚಾ, ಬೆಲ್ಲ, ಶುಂಠಿ.
ಲೋಟ ಹಿಡಿಯಲಾರದ ನನ್ನ ಕೈ ನೋಡಿ ನಗುತ್ತಾರೆ.
"ದೃಶ್ಯತೆ ಎಷ್ಟು ಬರೆಯಲಿ ಇಚ್ಚಾ?"
ಮೊಣಕೈಯಿಂದ ಬೆರಳ ತುದಿಗೆ ತೋರಿಸಿದರು: "ಇಷ್ಟು.
ಒಳ್ಳೆಯ ವರ್ಷ.
ತಳ ಕಾಣುವಷ್ಟು ತಿಳಿಯಾದ ವರ್ಷ
ನಾವು ಉಪ್ಪುಗಂಜಿ ಕುಡಿದಿದ್ದೇವೆ."

ಬರೆದೆ: ಒಂದು ಮೊಳ.
ಯಾರ ಮೊಳ ಅಂತ ಕಚೇರಿಯಲ್ಲಿ ಕೇಳುತ್ತಾರೆ,
ಕೇಳಲಿ, ಹೆಸರು ಹೇಳುತ್ತೇನೆ.
ನೀಲಿಕಲ್ಲು ಚದರಡಿಗೆ ೬೧,
ಕಣ್ಣಲ್ಲಿ ಅಲ್ಲ, ಬೆರಳಲ್ಲಿ ಎಣಿಸಿದ್ದು.