ಭೋಸರಿಯಲ್ಲಿ ಒಂದು ಪದ

ಸೋಮವಾರ, ಏಳಕ್ಕೆ ಹತ್ತು ನಿಮಿಷ.
ಗೇಟಿನ ಗಾಜಿನ ಪೆಟ್ಟಿಗೆಯೊಳಗೆ
ನಾಲ್ಕು ಗುಂಡುಪಿನ್ನು ಚುಚ್ಚಿ ನಾನೇ ಹಚ್ಚಿದ ನೋಟೀಸು.
ಟೈಮ್ ಆಫೀಸಿನ ಗುಮಾಸ್ತ ನಾನು, ಇಂಡಿ ತಾಲೂಕಿನವನು,
ಹತ್ತೊಂಬತ್ತು ವರ್ಷದಿಂದ
ಇಲ್ಲಿನವರ ಹೆಸರು ಬರೆದು ಅನ್ನ ತಿಂದವನು.

ಮೂರನೇ ಸಾಲಿನಲ್ಲಿ ಆ ಪದ.
ಎಂಟು ಅಕ್ಷರ. ಎಣಿಸಿದ್ದೇನೆ.

'ಫರ್ಲಫ್' ಎಂದ ಪ್ರೆಸ್ ಶಾಪಿನ ಹುಡುಗ, ಐಟಿಐ ಪಾಸು.
'ಫರ್ಲಾಂಗ್ ಇರಬೇಕ್ರಿ' ಅಂದಳು ಪ್ಯಾಕಿಂಗಿನ ನೀಲಗಂಗಾ,
'ಗೇಟಿನಿಂದ ಎಷ್ಟು ಫರ್ಲಾಂಗ್ ದೂರ ನಿಂದ್ರಬೇಕು ಅಂತ
ಬರದಾರ.'
ನಕ್ಕೆವು. ನಗು ಮುಗಿದ ಮೇಲೂ
ಯಾರೂ ಪಂಚಿಂಗ್ ಯಂತ್ರದತ್ತ ಹೋಗಲಿಲ್ಲ.

ಎಚ್ಚಾರಿನ ಹೊಸ ಮೇಡಂ ಇಳಿದು ಬಂದು ತಿದ್ದಿದರು:
ಫರ್‌-ಲೋ.
ಕೊನೆಯ ಯು, ಜಿ, ಎಚ್ ಇರುತ್ತವೆ, ಹೇಳಬಾರದು.
ಅರ್ಥ?
ಕೆಲಸ ಹೋಗಿಲ್ಲ. ಕೆಲಸಕ್ಕೆ ಬರಬೇಡಿ.
ಹೆಸರು ಪಟ್ಟಿಯಲ್ಲಿರುತ್ತದೆ. ಪಗಾರ ಇರುವುದಿಲ್ಲ.
ಎಷ್ಟು ದಿನ ಎಂದದ್ದಕ್ಕೆ
ಪಾಪ, ಫೋನು ನೋಡಿಕೊಂಡರು.

ಯೂನಿಯನ್ನಿನ ಲಾಂಡಗೆ ಕಾಕಾ ಕನ್ನಡಕ ಹಣೆಗೇರಿಸಿದರು.
'ಈ ಶಬ್ದ ನಮ್ಮ ಕಾಯ್ದೆಯಲ್ಲೇ ಇಲ್ಲ.
ಅಲ್ಲಿರೋದು ಲೇ-ಆಫ್. ಅರ್ಧ ಪಗಾರ,
ದಿನಾ ಗೇಟಿಗೆ ಬಂದು ಹಾಜರಿ.
ಅದನ್ನು ಬರೆದರೆ ದುಡ್ಡು ಎಣಿಸಬೇಕಲ್ಲ,
ಅದಕ್ಕೇ ಪರದೇಶದ್ದೊಂದು ತಂದು ಅಂಟಿಸಿದ್ದಾರೆ.'
ಹೇಳುತ್ತ ನನ್ನ ಬೆರಳನ್ನೇ ನೋಡಿದರು,
ಪಿನ್ನು ಚುಚ್ಚಿದ್ದನ್ನು.

ಆಗ ಝುಂಬರ್, ಭಟ್ಟಿಯ ಝುಂಬರ್,
ವರ್ಷಕ್ಕೆ ಮೂರು ಮಾತಾಡುವವನು,
ಹಿಂದಿನಿಂದ 'ಫರ್ಲೋ' ಅಂದ.
ಮೇಡಮ್ಮಿಗಿಂತ ನುಣುಪಾಗಿ,
ಮನೆಯಲ್ಲಿ ದಿನಾ ತೊಳೆದಿಡುವ ಲೋಟದ ಹಾಗೆ.

ಅವನ ಅಣ್ಣ ಯೆರವಡಾ ಜೈಲಿನಲ್ಲಿ.
ವರ್ಷಕ್ಕೊಮ್ಮೆ ಎರಡು ವಾರ ಮನೆಗೆ ಬರುತ್ತಾನೆ.
ತಾಯಿ, ಹೆಬ್ಬೆಟ್ಟಿನವಳು, ತಡವರಿಸದೆ ಹೇಳುತ್ತಾಳಂತೆ:
ಫರ್ಲೋ ಸಿಕ್ಕಿತು, ಫರ್ಲೋ ತೀರಿತು,
ಫರ್ಲೋ ಬರುವ ತನಕ
ಉಪ್ಪಿನಕಾಯಿ ಭರಣಿಗೆ ಕೈ ಹಾಕಬೇಡ.
'ಅದರಲ್ಲಿ ತಾರೀಖು ಬರೆದಿರುತ್ತೆ' ಅಂದ ಝುಂಬರ್.
'ಆ ದಿನ ಹೋದರೆ ಜೈಲು ಬಾಗಿಲು ತೆಗೆದೇ ತೆಗೀತದೆ.
ಇಲ್ಲಿ?'
ಈ ಸಲ ಮೇಡಂ ಫೋನು ನೋಡಲಿಲ್ಲ.

ಸಂಜೆ ಮೇಲಿನಲ್ಲಿ ಪಟ್ಟಿ ಬಂತು. ನೂರಾ ಹನ್ನೆರಡು.
ನಲವತ್ತೊಂದನೆಯದನ್ನು ಎರಡು ಸಲ ಓದಿದೆ.
ಮಸ್ಟರು ತೆರೆದು ಕೂತೆ. ಏನು ಬರೆಯಲಿ?
ಹಾಜರು ಅನ್ನಲು ಬಂದಿಲ್ಲ,
ಗೈರು ಅನ್ನಲು, ಬರಬೇಡ ಎಂದವರು ನಾವೇ.

ನಾನು ಕಲಿತ ಶಾಲೆಯಲ್ಲಿ
ಬರೆದ ಅಕ್ಷರಕ್ಕೆಲ್ಲ ಸದ್ದಿತ್ತು.
ಅರ್ಕಾವತ್ತು ನುಂಗಿದರೂ ಸರಿ, ಗುರುಪಾದಪ್ಪ ಮಾಸ್ತರರು
ರೂಲುದೊಣ್ಣೆ ಎತ್ತುತ್ತಿದ್ದರು:
ಬರೆದ ಮೇಲೆ ಕರೆಯೋ, ಮಗನೇ.

ಮಂಗಳವಾರ, ಏಳಕ್ಕೆ ಹತ್ತು ನಿಮಿಷ.
ಬರಬೇಡಿ ಅಂದರೂ ಬಂದಿದ್ದರು,
ಡಬ್ಬಿ ಸಮೇತ ಕೆಲವರು, ರೂಢಿ.
ಗೇಟಿನ ಹೊರಗೆ ನಿಂತು ಒಂದೊಂದೇ ಹೆಸರು ಕರೆದೆ,
ತಂದೆಯ ಹೆಸರು, ಅಡ್ಡಹೆಸರು, ಒಂದೂ ಬಿಡದೆ.
ನಲವತ್ತಕ್ಕೆ ಬಂದು ಗಂಟಲು ಕಟ್ಟಿತು.

ಮುಂದಿನದನ್ನು ನೀಲಗಂಗಾ ಇಣುಕಿ ಓದಿದಳು:
ಸಾತಲಿಂಗಪ್ಪ ಹತ್ತಳ್ಳಿ,
ಮೂರೂ ಒತ್ತು ಒತ್ತಿ.

ಓ, ಅಂದೆ.