ಆಚೆ ದಡ ಬರೀಬ್ಯಾಡ

ಹೆಸರು ಕೇಳಿದರು. "ನಿತಾಯಿ" ಅಂದ.
ನಿನ್ನ ತಾಯಿ ಹೆಸರಲ್ಲೋ ಹುಚ್ಚಾ, ನಿನ್ನ ಹೆಸರು.
"ನಿತಾಯಿ ಹಾಲ್ದಾರ್."
ಗೇಟಿನವ ಬರಕೊಂಡ: ಹವಾಲ್ದಾರ.
ಅಂದಿನಿಂದ ಸಿಂಧನೂರು ಸೀಮೆಗೆಲ್ಲ
ಠಾಣೆಯ ಮೆಟ್ಟಿಲು ಹತ್ತದ ಒಬ್ಬ ಹವಾಲ್ದಾರ.

ಬಂಗಾಲಿ ಕ್ಯಾಂಪಿನ ಹುಡುಗ. ಮೂರನೇ ನಂಬರು.
ಜಾಲಿ ಕಡಿದು ಮಾಡಿದ ಹೊಲ, ತಗಡಿನ ಮನಿ,
ಹಿತ್ತಲಲ್ಲಿ ಮೀನಿಗೆಂದು ತೋಡಿದ ಹೊಂಡ.
ನಮ್ಮದೂ ಕ್ಯಾಂಪೇ, ಆದರೆ ಕಲೆಕ್ಷನ್ ಬಿದ್ದರೆ
ಗಂಟು ಕಟ್ಟುವ ಕ್ಯಾಂಪು:
ಮಾನ್ವಿಯಲ್ಲಿ ಮೂರು ತಿಂಗಳು, ಮಸ್ಕಿಯಲ್ಲಿ ಎರಡು.
ಅವರದು ಎಲ್ಲಿಗೂ ಹೋಗದ್ದು.

ಮೊದಲು ಮಂಡಕ್ಕಿ ಮಾರಿದ, ಥೇಟರಿನ ಹೊರಗೆ,
ಸಾಸಿವೆ ಎಣ್ಣೆ ಕಲಸಿ. ಮೂಸಿ ನೋಡಿ ಉಗುಳಿದರು ಮಂದಿ.
ಮರುದಿನ ಕುಸುಬಿ ಎಣ್ಣೆ, ಪುಟಾಣಿ ಹಿಟ್ಟು, ಉಳ್ಳಾಗಡ್ಡಿ.
ಎರಡನೇ ವಾರಕ್ಕೆ ಮಿರ್ಚಿ ಕರಿಯಲು ಒಬ್ಬಾಕೆ.
ಕಂಪನಿ ಲಿಂಗಸುಗೂರಿಗೆ ಹೊರಟರೆ ಅವನ ಬುಟ್ಟಿಯೂ ಲಿಂಗಸುಗೂರಿಗೆ.

ಒಳಗೆ ಕೂತು ನಾಟಕ ನೋಡಿದವನಲ್ಲ,
ತಗಡಿಗೆ ಬೆನ್ನು ಕೊಟ್ಟು ಕೇಳಿದವ.
ಯಾವ ಸೀನಿಗೆ ಜನ ಎದ್ದು ಬಂದರು,
ಎಷ್ಟು ಪೊಟ್ಟಣ ಹೋಯ್ತು,
ಹಳೇ ಹ್ಯಾಂಡ್‌ಬಿಲ್ಲಿನ ಬೆನ್ನಿಗೆ ಗೀಟು ಎಳೆದಿಟ್ಟಿದ್ದ.
ಆರು ವರ್ಷದ ಗೀಟು.
ಮಾಲಕ ಅಡಿವೆಯ್ಯನ ಮುಂದೆ ಒಂದು ರಾತ್ರಿ ಹರವಿದ:
"ಮೂರನೇ ಅಂಕ, ಮಹಾರಾಜನ ವಿಲಾಪ.
ಅಲ್ಲಿ ನನಗ ನಲವತ್ತು ರೂಪಾಯಿ ಲಾಭ.
ನಿಮಗ ಲುಕ್ಸಾನು."
ವಿಲಾಪ ಮಾಡುವವ ಅಡಿವೆಯ್ಯನೇ.

ಆ ವರ್ಷ ಗಾಳಿ ಥೇಟರನ್ನೇ ಎತ್ತಿ ನಾಲೆಗೆ ಎಸೆಯಿತು.
ತಗಡಿಗೆ ಸಾಲ ಕೊಟ್ಟವ ನಿತಾಯಿ. ಪಗಾರಕ್ಕೆ ಕೊಟ್ಟವ ನಿತಾಯಿ.
ಒತ್ತೆ ಬಿದ್ದ ಪೇಟಿ ಬಿಡಿಸಿ ತಂದವ ನಿತಾಯಿ.
ಸಾಲ ತೀರಲಿಲ್ಲ, ಕಂಪನಿ ತೀರಿತು.
ಮೋಸ ಅನ್ನಲಾರೆ: ಕಾಗದ ಓದಿ ಹೇಳಿದವ ನಾನೇ,
ಅಡಿವೆಯ್ಯನ ಕಣ್ಣು ಆಗಲೇ ಮಂಜು.
ಮೋಸವಲ್ಲ ಅನ್ನಲೂ ಆರೆ: ಓದುವಾಗ
ನನ್ನ ಏಳು ತಿಂಗಳ ಬಾಕಿ ಪಗಾರ
ನನ್ನ ಜೇಬಿನಲ್ಲಿತ್ತು.

ವಿಲಾಪ ಹೋಯ್ತು.
"ಗಂಡ ಗಂಗಾವತಿಗೆ, ಹೆಂಡ್ತಿ ಹೊಸಪೇಟೆಗೆ" ಬಂತು.
ರಾಯಚೂರಿನಲ್ಲಿ ನೂರಾ ಎಂಬತ್ತು ಆಟ.
ಚಾಪೆ ಹೋಗಿ ಬೆಂಚು, ಬೆಂಚಿನ ಮುಂದೆ ಕುರ್ಚಿ,
ಎರಡು ಲಾರಿ, ಸ್ವಂತ ಜನರೇಟರ್.
ಅಡಿವೆಯ್ಯಗೆ ಮುಂದಿನ ಸಾಲಿನಲ್ಲಿ ಪುಕ್ಕಟೆ ಕುರ್ಚಿ.
ಬಂದ ಮುದುಕ, ಬೆಂಚಿಗೆ ಟಿಕೀಟು ಕೊಂಡು ಬಂದ.
ಆ ದುಡ್ಡನ್ನೂ ಎಣಿಸಿ ಪೆಟ್ಟಿಗೆಗೆ ಹಾಕಿದ ನಿತಾಯಿ.

ನಾನು ಪರದೆ ಬರೆಯುವವ. ಹೊಳಿ ಬರಿ ಅಂದ.
ಬರೆದೆ: ತುಂಗಭದ್ರೆ, ಬಂಡೆ, ಒಂದು ಹರಗೋಲು,
ಆಚೆ ದಡದಲ್ಲಿ ಗುಡಿ.
ಬೀಡಿ ಸುಡುವ ತನಕ ನೋಡಿದ.
"ಆಚೆ ದಡ ಬರೀಬ್ಯಾಡ."
ದಡ ಇಲ್ಲದ ಹೊಳಿ ಎಲ್ಲೈತ್ರೀ, ಸಮುದ್ರ ಅಂತಾರ ಮಂದಿ.
"ಅನ್ನಲಿ."
ಗುಡಿಯ ಮೇಲೆ ನೀಲಿ ಬಳಿದೆ. ಬಂಡೆಗಳ ಮೇಲೆ ನೀಲಿ.
ಹರಗೋಲು ಉಳಿಯಿತು, ಎಲ್ಲಿಂದ ಎಲ್ಲಿಗೆಂದು ತಿಳಿಯದೆ.

ಐದು ವರ್ಷದ ಮೇಲೆ ಅವನವ್ವ ಬಂದಳು,
ಕ್ಯಾಂಪು ಬಿಟ್ಟು ಮೊದಲ ಸಲ.
ಮಾತು ತಿಳಿಯದು; ಮಂದಿ ನಕ್ಕಾಗ ನಕ್ಕಳು.
ಮೊದಲ ಆಟ ಮುಗಿದು ಜನ ಹೊರಬೀಳುವಾಗ
ಸ್ಟೇಜು ಹತ್ತಿ ಪರದೆ ಮುಟ್ಟಿ ಏನೋ ಅಂದಳು.
ಕೈಕಟ್ಟಿ ನಿಂತಿದ್ದೆ. ಏನಂದ್ರು?
"ನೀರಿನ ಬಣ್ಣ ತಪ್ಪಂತ. ಇಷ್ಟು ತೊಳೆದಂಗ ಇರಲಿಲ್ಲಂತ.
ಮಣ್ಣು ಬೆರಸು."

ಎಲ್ಲಿಯ ಮಣ್ಣು ತರಲಿ?
ನಾಲೆ ದಂಡೆಯ ಎರೆಮಣ್ಣು ಹಿಡಿ ತಂದು,
ಸರೇಸು ಕಲಸಿ, ಹರಗೋಲಿನ ಸುತ್ತ ಬಳಿದೆ.
ಮುದುಕಿ ನೋಡಿತು.
ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ,
ಕಪ್ಪಾದ ಬೆರಳನ್ನು ಸೆರಗಿಗೆ ಒರೆಸಿಕೊಂಡಿತು.

ಹೊರಗೆ ನಿತಾಯಿ ಎರಡನೇ ಆಟದ ಗಂಟೆ ತಡೆದು ನಿಂತಿದ್ದ.
ಹನ್ನೊಂದು ಕುರ್ಚಿ ಇನ್ನೂ ಖಾಲಿ.