ಹನ್ನೆರಡನೆಯ ತಿಂಗಳು

ಪುಸ್ತಕ ಹೇಳುತ್ತದೆ: ಮೊದಲ ವರ್ಷ ಏನೂ ಮಾಡಬೇಡ.
ಸುಮ್ಮನೆ ನೋಡು. ಬಿಸಿಲು ಎಲ್ಲಿ ಕಾಲು ಚಾಚುತ್ತದೆ,
ನೀರು ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹೋಗುತ್ತದೆ,
ಗಾಳಿ ಯಾರ ಮನೆಯ ಹೊಗೆ ತರುತ್ತದೆ.

ನನ್ನ ಕರಾರುಪತ್ರ ಹೇಳುತ್ತದೆ: ಹನ್ನೊಂದು ತಿಂಗಳು.
ಜೂನ್ ಒಂದರಿಂದ ಏಪ್ರಿಲ್ ಮೂವತ್ತು.

ಜೆಪ್ಪಿನ ಈ ಹಂಚಿನ ಮನೆಯ ಹಿಂದೆ
ಎರಡೂವರೆ ಸೆಂಟ್ಸ್ ಮುರಕಲ್ಲು. ಹಾರೆ ಹಾಕಿದರೆ
ಹಲ್ಲು ಕಡಿದ ಸದ್ದು.
ನೈಟ್ ಡ್ಯೂಟಿ ಮುಗಿಸಿ ಕಂಕನಾಡಿಯಿಂದ ಬರುವಾಗ
ಕಾರ್ಪೊರೇಷನ್ ಗಾಡಿಗಿಂತ ಮೊದಲು
ಗೇಟುಗಳ ಹೊರಗಿಟ್ಟ ತರಗೆಲೆಯ ಗೋಣಿ ಕದಿಯುತ್ತೇನೆ.
ಯೂನಿಫಾರ್ಮಿನ ಮೇಲೆ ಮಾವಿನೆಲೆ, ಹಲಸಿನೆಲೆ,
ಒಮ್ಮೆ ಯಾರದೋ ಕರೆಂಟ್ ಬಿಲ್ಲು, ಇನ್ನೂ ಕಟ್ಟದ್ದು.

ನೋಡಲು ನನಗೆಲ್ಲಿ ಪುರುಸೊತ್ತು? ಬಂದ ವಾರವೇ ಹರಿವೆ ಬಿತ್ತಿದೆ.
ಮಳೆ ಬೀಜವನ್ನೆಲ್ಲ ಪಕ್ಕದ ಕಾಂಪೌಂಡಿಗೆ ಸಾಗಿಸಿತು.
ಅಲ್ಲಿ ಕೆಂಪಗೆ ಎದ್ದು ನಿಂತಿತು,
ನನ್ನ ಪರಿಚಯವೇ ಇಲ್ಲದ ಹಾಗೆ.

ಪುಸ್ತಕದವರ ಊರಲ್ಲಿ ಹಿಮ ಬೀಳುತ್ತದೆ.
ಹಿಮ ಎಂದಿದ್ದಲ್ಲೆಲ್ಲ ನಾನು
ಪೆನ್ಸಿಲಿನಲ್ಲಿ ಗೆದ್ದಲು ಎಂದು ತಿದ್ದಿಕೊಂಡೆ.
ಅವರಿಗೆ ಸೊನ್ನೆಯ ವಲಯ ಮನೆ,
ಒಂದನೆಯದು ಅಡಿಗೆಮನೆಯ ಬಾಗಿಲು,
ಐದನೆಯದು ಕಾಡು, ಅದನ್ನು ಮುಟ್ಟಬಾರದು.
ನನಗೆ ಸೊನ್ನೆಯಿಂದ ಐದಕ್ಕೆ ಹದಿನಾಲ್ಕು ಹೆಜ್ಜೆ.
ಬಟ್ಟೆ ಒಗೆಯುವ ಕಲ್ಲಿನ ಹಿಂದೆ
ಮುಂಗುಸಿಯೊಂದು ಈ ಲೆಕ್ಕವನ್ನು ಒಪ್ಪಿಕೊಂಡಿದೆ.

ಗೋಡೆಯಾಚೆ ಫ್ಲೋರಿನ್ ಬಾಯಿ
ಬೂತಾಯಿ ತೊಳೆದ ನೀರನ್ನು ಬಸಳೆಯ ಬುಡಕ್ಕೆ ಎರಚುತ್ತಾರೆ.
ಏಳನೆಯ ಅಧ್ಯಾಯ, ಎಂದೆ.
ಎಂತದು? ಎಂದರು.
ಎಂತ ಇಲ್ಲ ಬಾಯಿ.

ಏಪ್ರಿಲಿನಲ್ಲಿ ಧಣಿ ಬಂದು
ತರಗೆಲೆಯ ಹಾಸನ್ನು ಚಪ್ಪಲಿಯ ತುದಿಯಿಂದ ಎತ್ತಿದರು.
ಕೆಳಗೆ ಕಪ್ಪು, ತಂಪು,
ಬೆಳಕಿಗೆ ನಾಚಿ ಒಳಸರಿದ ಒಂದು ಎರೆಹುಳ.
ಕಸ ಎಲ್ಲ ತೆಗೆಸಿ ಹೋಗಿ ಆಯ್ತಾ,
ಇಲ್ಲಿ ಇಂಟರ್‌ಲಾಕ್ ಹಾಕ್ಲಿಕ್ಕುಂಟು, ಪಾರ್ಕಿಂಗಿಗೆ.

ಬಸಳೆಯ ಮೂರು ತುಂಡು ಒದ್ದೆ ಪೇಪರಿನಲ್ಲಿ ಸುತ್ತಿದೆ.
ಒಂದು ಗೋಣಿ ಮಣ್ಣನ್ನೂ ತಂದೆ;
ಕರಾರಿನಲ್ಲಿ ಮಣ್ಣಿನ ಸುದ್ದಿಯೇ ಇರಲಿಲ್ಲ.
ಕುಲಶೇಖರದ ಎರಡನೆಯ ಮಾಳಿಗೆಯಲ್ಲಿ ಈಗ
ಸೊನ್ನೆಗೂ ಐದಕ್ಕೂ ನಡುವೆ ಒಂದು ಗ್ರಿಲ್ಲು.

ಹೊರಡುವ ದಿನ ಗೋಡೆಯ ಹತ್ತಿರ ನಿಂತು ಹೇಳಿದ್ದೆ:
ನಾನು ನೋಡದ್ದು ಮೇ ಒಂದೇ.
ನೀವು ನೋಡಿ ಬಾಯಿ, ಫೋನು ಮಾಡಿ.

ಮಾಡಿದರು. ರಾತ್ರಿ ಎರಡೂವರೆ, ನಾನು ವಾರ್ಡಿನಲ್ಲಿ.
ವಾರಿಜಾ, ಬಂತು ಮಾರಾಯ್ತಿ.
ಯಾವ ಕಡೆಯಿಂದ ಇಳೀತಾ ಉಂಟು ಬಾಯಿ?
ಇಳಿಯುವುದೆಲ್ಲಿ? ಆ ಕಲ್ಲಿನ ಮೇಲೆ ಜಾರಿ
ಸೀದಾ ನನ್ನ ಮೆಟ್ಟಿಲಿಗೆ ಬಂದು ಕೂತಿದೆ.

ಬಸಳೆ? ಎಂದು ಕೇಳುವಷ್ಟರಲ್ಲಿ
ಒಂಬತ್ತನೇ ಬೆಡ್ಡಿನ ಬೆಲ್ಲು.
ಹೋಗಿ ಡ್ರಿಪ್ಪು ನೋಡಿದೆ:
ನಿಮಿಷಕ್ಕೆ ಇಪ್ಪತ್ತು ಹನಿ,
ಒಂದೂ ಪೋಲಾಗದೆ ಇಳಿಯುತ್ತಿತ್ತು.